ಗಾಳವೂ ಬಲೆಯೂ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು—ನಮ್ಮದು ಕೆರೆಗಳ ಸೀಮೆ. ಆದಿತ್ಯವಾರ ಬಂದಿತೆಂದರೆ ಹಾನಗಲ್ಲಿನ ಸಮೀಪದ ಒಂದು ಕೆರೆಯ ದಂಡೆಯೇ ನನ್ನ ವಾಚನಾಲಯ. ಒಂದು ಕೈಯಲ್ಲಿ ಕಾವ್ಯ, ಇನ್ನೊಂದು ಕೈಯಲ್ಲಿ ಗಾಳದ ಕೋಲು. ತಿರುವಿದ ಪುಟಗಳೇ ಹೆಚ್ಚು, ಸಿಕ್ಕ ಮೀನುಗಳು ಕಡಿಮೆ. ಆದುದರಿಂದ ಇದು ಯಾರಿಗೂ ಕೇಡಿಲ್ಲದ ಹವ್ಯಾಸವೆಂದೇ ನಾನು ಭಾವಿಸಿದ್ದೆ.

ಕಳೆದ ಮಳೆಗಾಲದ ಕೊನೆಯಲ್ಲಿ ಒಂದು ದಿನ ಬೆಂಡು ಮೇಲಿಂದ ಮೇಲೆ ಮುಳುಗಿತು. ಹಿಟ್ಟಿನ ಉಂಡೆಗೆ ಮರುಳಾದ ಗೇಣುದ್ದದ ಆರು ಮೀನುಗಳು ಚೀಲ ಸೇರಿದವು. ಗೆದ್ದ ಉತ್ಸಾಹದಿಂದ ಏಳುತ್ತಿರುವಾಗ, ಕೆರೆಯನ್ನು ಗುತ್ತಿಗೆ ಹಿಡಿದಿದ್ದ ಮೀನುಗಾರನು ಬಂದು ಚೀಲದೊಳಗೆ ಇಣುಕಿದನು. ಬೈಯಲಿಲ್ಲ. ಬೈದಿದ್ದರೆ, ಕೆರೆ ಊರಿನದಲ್ಲವೆ ಎಂದು ನಾನೂ ವಾದಿಸುತ್ತಿದ್ದೆ.

“ಮಾಸ್ತರ್ರ, ಇವು ರೋಹು ಮರೀರಿ. ಆಷಾಢದಾಗ ರೊಕ್ಕಾ ಕೊಟ್ಟು ತಂದು ಬಿಟ್ಟಿದ್ದೆ. ಬ್ಯಾಸಗಿ ತನಕಾ ಬಿಟ್ಟಿದ್ರ ಕಿಲೋದ ಮ್ಯಾಲ ಬರತಿದ್ವು” ಎಂದಷ್ಟೇ ಹೇಳಿದನು.

ಬೆಲೆ ಕೊಡಹೋದೆ; ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು.

ಕಾಟ್ಲಾ, ರೋಹು, ಮೃಗಾಲ ಮೀನುಗಳು ಹರಿಯುವ ಹೊಳೆಯ ನೆರೆಯಲ್ಲಿ ಮೊಟ್ಟೆಯಿಡುತ್ತವೆ, ನಿಂತ ಕೆರೆಯಲ್ಲಿ ಸಾಮಾನ್ಯವಾಗಿ ಇಡುವುದಿಲ್ಲವೆಂಬುದನ್ನು ಆಮೇಲೆ ಓದಿ ತಿಳಿದೆ. 1957ರ ಜುಲೈ 10ರಂದು ಹೀರಾಲಾಲ ಚೌಧುರಿಯವರೂ ಅವರ ಸಹೋದ್ಯೋಗಿಗಳೂ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಇಂತಹ ಮೀನುಗಳಿಂದ ಮೊಟ್ಟೆಯಿಡಿಸಿದರು. ಮುಂದೆ ಆ ವಿದ್ಯೆಯಿಂದಲೇ ಊರೂರ ಕೆರೆಗೆ ಮರಿಗಳು ಬಂದವು. ಅಂದಮೇಲೆ ನಮ್ಮ ಕೆರೆಯ ರೋಹು ಬಿತ್ತಿದ ಬೆಳೆ. ನಾನು ಆಟವೆಂದು ಕಿತ್ತುದು ಇನ್ನೊಬ್ಬನ ಹೊಲದ ಹಸಿ ತೆನೆ.

ಹಾಗಾದರೆ ಊರವರಿಗೆ ಕೆರೆಯಲ್ಲಿ ಪಾಲಿಲ್ಲವೆ? ನೆರೆಯ ಸೊರಬದ ಸೀಮೆಯ ಹಿರಿಯರು ಇದಕ್ಕೊಂದು ದಾರಿ ಕಂಡಿದ್ದಾರೆ. ಬೇಸಿಗೆಯಲ್ಲಿ ನೀರು ತಗ್ಗಿದಾಗ ದಿನ ಗೊತ್ತುಮಾಡಿ ಕೆರೆಬೇಟೆ ನಡೆಸುತ್ತಾರೆ. ಹಣ ತೆತ್ತವರೆಲ್ಲ ಬಿದಿರಿನ ಕೂಣಿ ಹಿಡಿದು ಒಮ್ಮೆಗೇ ಇಳಿಯುತ್ತಾರೆ, ಹಿಡಿದವನಿಗೆ ಹಿಡಿದಷ್ಟು. ಅಲ್ಲಿ ಆಟಕ್ಕೂ ಒಂದು ದಿನವುಂಟು, ಒಂದು ದರವುಂಟು.

ಈಗ ನಾವಿಬ್ಬರೂ ಒಂದು ಒಪ್ಪಂದ ಮಾಡಿಕೊಂಡಿದ್ದೇವೆ. ರೋಹು ಸಿಕ್ಕರೆ ಕೂಡಲೆ ನೀರಿಗೆ. ಕೆರೆಯಲ್ಲಿಯೇ ಹುಟ್ಟಿ ಬೆಳೆಯುವ ಕೊರವ ಸಿಕ್ಕರೆ ನನ್ನ ಚೀಲಕ್ಕೆ. ಕೊರವ ಅವನ ಮರಿಗಳನ್ನು ನುಂಗುವ ಕಳ್ಳ. ಅದನ್ನು ಹಿಡಿದರೆ ಅವನಿಗೆ ಸಂತೋಷವೇ. ಮೊನ್ನೆ ಒಂದನ್ನು ಹಿಡಿದು ತೋರಿಸಿದೆ. ಅವನು ನಕ್ಕನು. ಆ ಮಳೆಗಾಲದವರೆಗೆ ಅವನ ಲೆಕ್ಕದಲ್ಲಿ ಆ ಕೊರವವೂ ನಾನೂ ಒಂದೇ ಜಾತಿಯವರಾಗಿದ್ದೆವೆಂಬುದು ಆಗ ನನಗೆ ಹೊಳೆಯಿತು.