ನಾನು ಕಟ್ಟಿದ ಸುಳ್ಳು ಬ್ಯಾಂಕು

ಹೋದ ಬೇಸಗೆಯ ರಜೆಯಲ್ಲಿ ನಾನೊಂದು ಬ್ಯಾಂಕು ಕಟ್ಟಿದೆನೆಂದರೆ ನನ್ನ ಮಿತ್ರರು ನಗುತ್ತಾರೆ. ಹಾಸ್ಟೆಲಿನ ಊಟದ ಬಾಕಿಯನ್ನೇ ಎರಡು ಕಂತಿನಲ್ಲಿ ಕಟ್ಟುವವನು ಬ್ಯಾಂಕು ಕಟ್ಟುವುದೆಂದರೇನು! ಆದರೂ ಮಾತು ನಿಜ. ಆ ಬ್ಯಾಂಕಿಗೆ ಗೋಡೆಯಿಲ್ಲ, ತಿಜೋರಿಯಿಲ್ಲ. ಅಲ್ಲಿಟ್ಟ ಹಣಕ್ಕೆ ಬಡ್ಡಿಯೂ ಬಾರದು. ಇರುವುದೆಲ್ಲ ಒಂದು ಕೌಂಟರು, ಅದರ ಹಿಂದೆ ಒಂದು ಕುರ್ಚಿ, ಮುಂದೆ ಒಬ್ಬ ಮುದುಕಿ. ಎಲ್ಲವೂ ಕಂಪ್ಯೂಟರಿನ ಪರದೆಯ ಮೇಲೆ.

ಮೈಸೂರಿನಲ್ಲಿರುವ ನನ್ನ ಸೋದರಮಾವನ ಮಗ, ಎಂದರೆ ನನ್ನ ಭಾವ, ಐದಾರು ಜನ ಸ್ನೇಹಿತರೊಡನೆ ಜೆರಾಕ್ಸ್ ಅಂಗಡಿಯೊಂದರ ಮಹಡಿಯ ಮೇಲೆ ಒಂದು ಪುಟ್ಟ ಆಫೀಸು ಇಟ್ಟಿದ್ದಾರೆ. ನೌಕರರಿಗೆ ತರಬೇತಿ ಕೊಡುವ ಕಂಪ್ಯೂಟರ್ ಪಾಠಗಳನ್ನು ಮಾಡಿಕೊಡುವುದು ಅವರ ಕಸಬು. ಎಲ್ಲರೂ ಇಂಜಿನಿಯರುಗಳು. ಪ್ರೋಗ್ರಾಂ ಬರೆಯಬಲ್ಲರು; ಗಿರಾಕಿಯ ಬಾಯಲ್ಲಿ ನಾಲ್ಕು ಕನ್ನಡ ಮಾತು ಆಡಿಸಲಾರರು. “ನೀನು ಕನ್ನಡ ಐಚ್ಛಿಕ ತಾನೆ? ಬಂದು ಮಾತು ಬರೆದುಕೊಡು” ಎಂದರು. ಕನ್ನಡ ಓದಿದವನಿಗೆ ಯಾರು ಕೆಲಸ ಕೊಡುತ್ತಾರೆ ಎಂದು ಪ್ರತಿ ಹಬ್ಬಕ್ಕೂ ನನ್ನನ್ನು ಕೇಳುತ್ತಿದ್ದ ಚಿಕ್ಕಪ್ಪನ ಮುಖ ನೆನಪಾಗಿ, ಆ ದಿನವೇ ಬಸ್ಸು ಹತ್ತಿದೆ.

ಈ ವಿದ್ಯೆಗೆ ಸಿಮ್ಯುಲೇಷನ್ ಎಂದು ಹೆಸರು. ‘ಅಣಕು’ ಎನ್ನೋಣವೆಂದರೆ ಗೇಲಿಯ ವಾಸನೆ ಬರುತ್ತದೆ. ನಾನು ‘ಸೋಗು’ ಎಂದೆ. ಭಾವ ನಕ್ಕು ಸುಮ್ಮನಾದರು. ಸೋಗು ಹೊಸದೇನೂ ಅಲ್ಲ. ಅಮೆರಿಕದ ಬಿಂಗ್‌ಹ್ಯಾಂಟನ್ ಎಂಬ ಊರಿನಲ್ಲಿ ಎಡ್ವಿನ್ ಲಿಂಕ್ ಎಂಬಾತ 1929ರ ಸುಮಾರಿಗೆ, ತನ್ನ ತಂದೆಯ ಪಿಯಾನೊ ಮತ್ತು ಆರ್ಗನ್ ಕಾರ್ಖಾನೆಯ ತಿದಿಗಳನ್ನೇ ಬಳಸಿ, ನೆಲ ಬಿಟ್ಟೇಳದ ವಿಮಾನವೊಂದನ್ನು ಮಾಡಿದ. ಮೊದಮೊದಲು ಅದು ವಿನೋದದ ಉದ್ಯಾನಗಳಲ್ಲಿ ಆಟದ ಸಾಮಾನಾಯಿತು. 1934ರಲ್ಲಿ ಅಲ್ಲಿನ ಸೈನ್ಯ ವಿಮಾನದಲ್ಲಿ ಅಂಚೆ ಸಾಗಿಸಲು ಹೊರಟು, ಕೆಟ್ಟ ಹವೆಯಲ್ಲಿ ಹಲವು ಚಾಲಕರನ್ನು ಕಳೆದುಕೊಂಡಾಗ, ಲಿಂಕನ ಆರು ಯಂತ್ರಗಳನ್ನು ಕೊಂಡಿತು. ನೆಲದ ಮೇಲೆ ತಪ್ಪಿದರೆ ನಗೆ, ಆಕಾಶದಲ್ಲಿ ತಪ್ಪಿದರೆ ಸಾವು. ಈ ವಿದ್ಯೆಯ ಗುಟ್ಟೆಲ್ಲ ಇಷ್ಟೆ.

ನೋಡುವುದಕ್ಕೆ ಕೆಲಸ ಸುಲಭ. ಪರದೆಯ ಮೇಲೆ ಗಿರಾಕಿ ಮಾತಾಡುತ್ತಾನೆ. ನೌಕರನ ಮುಂದೆ ಮೂರು ಉತ್ತರಗಳಿರುತ್ತವೆ. ಯಾವುದನ್ನು ಒತ್ತಿದರೆ ಕಥೆ ಆ ಕವಲಿಗೆ ಹೊರಳುತ್ತದೆ. ಆದರೆ ಹೀಗೆ ಐದು ಸಲ ಮೂರು ಮೂರಾಗಿ ಕವಲೊಡೆದರೆ ಕೊನೆಗೆ 243 ಮುಕ್ತಾಯಗಳಾಗುತ್ತವೆ! ಮೊದಲ ವಾರ ಉತ್ಸಾಹದಿಂದ ಬರೆಯುತ್ತಾ ಹೋಗಿ ನಾನು ಆಲದ ಮರದಲ್ಲಿ ಸಿಕ್ಕಿಕೊಂಡ ಗಾಳಿಪಟದಂತಾದೆ. ಕವಲುಗಳನ್ನು ಮತ್ತೆ ಕೂಡಿಸುವುದನ್ನು ಭಾವ ಕಲಿಸಿದರು. ದಾರಿಗಳು ಬೇರೆಯಾದರೂ ಎರಡು ಹೆಜ್ಜೆ ಮುಂದೆ ಒಂದೇ ರಸ್ತೆಗೆ ಸೇರಬೇಕು. ಆದರೆ ನಡೆದು ಬಂದ ದಾರಿಯ ನೆನಪು ಒಂದು ಅಂಕಿಯಲ್ಲಿ ಉಳಿದಿರಬೇಕು. ಆ ಅಂಕಿಗೆ ನಾವು ‘ತಾಳ್ಮೆ’ ಎಂದು ಹೆಸರಿಟ್ಟೆವು. ಗಿರಾಕಿಗೆ ಆರಂಭದಲ್ಲಿ ಹತ್ತು ತಾಳ್ಮೆ. ಒಂದು ಒರಟು ಮಾತಿಗೆ ಮೂರು ಕಳೆ. ಸೊನ್ನೆಗೆ ಬಂದರೆ ಗಿರಾಕಿ ಎದ್ದು ಹೋಗುತ್ತಾನೆ, ನೌಕರ ನಪಾಸು.

ನನಗೆ ಬಂದ ಪಾಠ ಪಿಂಚಣಿದಾರರದು. ಅದನ್ನು ಕೇಳಿದೊಡನೆ ಮೈ ಬಿಸಿಯಾಯಿತು. ಅದಕ್ಕೆ ಕಾರಣವನ್ನು ಹೇಳಬೇಕು.

ನಮ್ಮ ಅಜ್ಜ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದರು. ಅವರು ತೀರಿಕೊಂಡ ಮೇಲೆ ಅಜ್ಜಿಗೆ ಕುಟುಂಬ ಪಿಂಚಣಿ ಬರುತ್ತದೆ. ಪ್ರತಿ ವರ್ಷ ನವೆಂಬರಿನಲ್ಲಿ ತಾನು ಬದುಕಿದ್ದೇನೆಂದು ಆಕೆ ರುಜುವಾತು ಕೊಡಬೇಕು. 2014ರ ನವೆಂಬರಿನಲ್ಲಿ ಜೀವನ್ ಪ್ರಮಾಣ್ ಎಂಬ ಏರ್ಪಾಡು ಬಂದ ಮೇಲೆ ಬೆರಳೊತ್ತಿಯೂ ಇದನ್ನು ಮಾಡಬಹುದಾಯಿತು. ಹೋದ ನವೆಂಬರಿನಲ್ಲಿ ಆಕೆಯನ್ನು ಬ್ಯಾಂಕಿಗೆ ಕರೆದುಕೊಂಡು ಹೋದವನು ನಾನು. ಅರವತ್ತು ವರ್ಷ ಬೂದಿ ಹಾಕಿ ಪಾತ್ರೆ ಬೆಳಗಿದ, ಒರಳು ತಿರುವಿದ ಕೈ ಅದು. ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ಹೋಗಿವೆ. ನಾಲ್ಕು ಸಲ ಒತ್ತಿದಳು. ನಾಲ್ಕು ಸಲವೂ ಯಂತ್ರ ಒಲ್ಲೆನೆಂದಿತು. ಕೌಂಟರಿನಲ್ಲಿದ್ದ ಹುಡುಗ ತಲೆ ಎತ್ತದೆ “ನಾಳೆ ಬನ್ನಿ” ಎಂದ. ಮರುದಿನವೂ ಅದೇ. ಮೂರನೆಯ ದಿನ ಬೇರೊಬ್ಬರು ಕೂತಿದ್ದರು. ಕಾಗದದ ಮೇಲೆಯೇ ಪ್ರಮಾಣಪತ್ರ ಬರೆಸಿಕೊಂಡು ಐದು ನಿಮಿಷದಲ್ಲಿ ಕಳಿಸಿದರು. ಆ ಕಾಗದದ ದಾರಿ ಮೊದಲ ದಿನವೂ ಇತ್ತು. “ನಾನು ಬದುಕಿದ್ದೀನಿ ಅಂತ ನನ್ನ ಹೆಬ್ಬೆಟ್ಟೇ ಒಪ್ಪಲಿಲ್ಲವಲ್ಲೋ” ಎಂದು ಅಜ್ಜಿ ಆಟೋದಲ್ಲಿ ನಕ್ಕಳು. ನನಗೆ ನಗು ಬರಲಿಲ್ಲ.

ಹೀಗಾಗಿ ನನ್ನ ಸುಳ್ಳು ಬ್ಯಾಂಕಿಗೆ ಅಜ್ಜಿ ಬಂದಳು. ಹೆಸರು ಮಾತ್ರ ಪಾರ್ವತಮ್ಮ. ಆಕೆಯ ಬಾಯಲ್ಲಿ ನನ್ನ ಸಿಟ್ಟನ್ನೆಲ್ಲ ತುಂಬಿದೆ. “ನಮ್ಮ ಯಜಮಾನರು ಮೂವತ್ತು ವರ್ಷ ಬೆವರು ಸುರಿಸಿದ ಹಣ ಇದು, ಭಿಕ್ಷೆಯಲ್ಲ!” ಎಂಬಂತಹ ಮಾತುಗಳು. ತಪ್ಪು ಉತ್ತರಗಳೆಲ್ಲ ಆ ಕೌಂಟರಿನ ಹುಡುಗನವು. ಸರಿಯುತ್ತರಗಳು ಮಾತ್ರ ಎಂಥ ವಿನಯವುಳ್ಳವು! ಬರೆದು ಮುಗಿಸಿ, ಒಂದು ನ್ಯಾಯ ತೀರಿಸಿದವನಂತೆ ಕಾಫಿ ಕುಡಿದೆ.

ಪರೀಕ್ಷೆ ಮಾಡಿ ನೋಡಲು ಐವರು ಬ್ಯಾಂಕ್ ನೌಕರರು ಬಂದರು. ಹತ್ತು ನಿಮಿಷದಲ್ಲಿ ಐವರೂ ನೂರಕ್ಕೆ ನೂರು. ನನಗೆ ಹಿಗ್ಗೋ ಹಿಗ್ಗು. ಗುಟ್ಟೇನೆಂದು ಕೇಳಿದರೆ ಒಬ್ಬರು, “ಎಲ್ಲಕ್ಕಿಂತ ಉದ್ದದ ಉತ್ತರ ಒತ್ತಿದೆ ಸ್ವಾಮಿ, ಇಂಥವುಗಳಲ್ಲಿ ಸರಿಯುತ್ತರ ಯಾವಾಗಲೂ ಉದ್ದವಾಗಿರುತ್ತೆ” ಎಂದರು. ಉಳಿದವರು ತಲೆಯಾಡಿಸಿದರು. ಅವರಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಹೆಂಗಸು ಇದ್ದರು. ಅವರು ಪರದೆಯನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು: “ನಿಮ್ಮ ಬ್ಯಾಂಕಿನಲ್ಲಿ ಈಯಮ್ಮನ ಹಿಂದೆ ಯಾರೂ ನಿಂತೇ ಇಲ್ಲವಲ್ಲಪ್ಪ? ಗಿರಾಕಿಗೆ ತಾಳ್ಮೆ ಹತ್ತು ಅಂತ ಹಾಕಿದ್ದೀರಿ. ನನಗೆಷ್ಟು?”

ಆ ಪ್ರಶ್ನೆಗೆ ನನ್ನಲ್ಲಿ ಉದ್ದದ ಉತ್ತರವೂ ಇರಲಿಲ್ಲ, ಗಿಡ್ಡದ್ದೂ ಇರಲಿಲ್ಲ.

ಮತ್ತೆ ಮೊದಲಿನಿಂದ ಕಟ್ಟಿದೆವು. ಪಾರ್ವತಮ್ಮನ ಹಿಂದೆ ಹದಿನಾಲ್ಕು ಜನ ನಿಂತರು. ಗೋಡೆಗೆ ಗಡಿಯಾರ ಬಂತು. ನೆಟ್‌ವರ್ಕ್ ಕೈಕೊಟ್ಟು, ಪರದೆಯ ನಡುವೆ ಚಕ್ರವೊಂದು ಇಪ್ಪತ್ತು ಸೆಕೆಂಡು ಸುಮ್ಮನೆ ತಿರುಗಿತು. ಸಾಲಿನಿಂದ ಒಬ್ಬ “ಬೇಗ ಆಗಲಿ ರೀ” ಎಂದು ಕೂಗಿದ. ಮ್ಯಾನೇಜರರ ಫೋನು ಬಂತು. ಉತ್ತರಗಳೆಲ್ಲ ಮೂರು ನಾಲ್ಕು ಪದದವಾದವು. ‘ಸರಿ’, ‘ತಪ್ಪು’ ಎಂದು ಕೂಗಿ ಹೇಳುವುದನ್ನು ಬಿಟ್ಟೆವು. ‘ನಾಳೆ ಬನ್ನಿ’ ಎಂದು ಒತ್ತಿದರೆ ಕೂಡಲೆ ಸಾಲು ಕರಗುತ್ತದೆ, ಕೂಗು ನಿಲ್ಲುತ್ತದೆ, ಎಲ್ಲ ಹಿತವಾಗುತ್ತದೆ. ಮರುದಿನ ಬಾಗಿಲು ತೆರೆದಾಗ ಸಾಲಿನ ಮೊದಲಿಗೆ ಪಾರ್ವತಮ್ಮ ನಿಂತಿರುತ್ತಾಳೆ.

ಅದು ಸರಿಯಾಗಿ ನಡೆಯುವುದೋ ಇಲ್ಲವೋ ಎಂದು ಒಂದು ರಾತ್ರಿ ನಾನೇ ಕೂತು ಆಡಿದೆ. ಚಕ್ರ ತಿರುಗುತ್ತಿತ್ತು. ಸಾಲಿನವನು ಕೂಗಿದ. ಫೋನು ಬಡಿದುಕೊಂಡಿತು. ಮುದುಕಿ ನಾಲ್ಕನೆಯ ಸಲ ಬೆರಳಿಟ್ಟಳು. ನನ್ನ ಕೈ ‘ನಾಳೆ ಬನ್ನಿ’ ಎಂಬುದನ್ನು ಒತ್ತಿಬಿಟ್ಟಿತು. ಕಥೆ ಬರೆದವನು ನಾನು. ಮುಂದೇನಾಗುವುದೆಂದು ಬಲ್ಲವನು ನಾನು. ನಿಂತಿದ್ದವಳು ನನ್ನ ಅಜ್ಜಿ.

ಆ ಹುಡುಗ ಮಾಡಿದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಕಾಗದದ ದಾರಿ ಅವನಿಗೆ ಗೊತ್ತಿರಬೇಕಾಗಿತ್ತು. ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಬೇಕಾಗಿತ್ತು. ಆದರೆ ಅವನನ್ನು ದುಷ್ಟನೆಂದುಕೊಂಡಿದ್ದ ನನ್ನ ಪಾಠದಿಂದ ಯಾರೂ ಏನನ್ನೂ ಕಲಿಯುವಂತಿರಲಿಲ್ಲ. ತಾನು ದುಷ್ಟನೆಂದು ಯಾವ ನೌಕರನೂ ನಂಬಿರುವುದಿಲ್ಲವಷ್ಟೆ.

ಊರಿಗೆ ಬಂದು ಅಜ್ಜಿಗೆ ಲ್ಯಾಪ್‌ಟಾಪು ತೆರೆದು ತೋರಿಸಿದೆ. ಪಾರ್ವತಮ್ಮನ ಭಾಷಣವನ್ನು ಕೊನೆಯವರೆಗೆ ಕೇಳಿ, “ಇವಳ್ಯಾರೋ ನಾಟಕದವಳು” ಎಂದಳು.

“ನೀನೇ ಅಜ್ಜಿ ಅದು!”

“ನಾನು ಇಷ್ಟೆಲ್ಲ ಎಲ್ಲಿ ಅಂದೆನೋ?”

“ಮತ್ತೇನಂದೆ ಆವತ್ತು?”

“ನಾಳೆ ಎಷ್ಟು ಹೊತ್ತಿಗೆ ಬರಲಪ್ಪ, ಅಂದೆ.”

ನಾನು ಪಕ್ಕದಲ್ಲೇ ನಿಂತಿದ್ದೆ. ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಆಗ ನಾನು ಹುಡುಗನೊಡನೆ ಜಗಳಕ್ಕೆ ಮಾತು ಹೊಂದಿಸುತ್ತಿದ್ದೆನೆಂದು ತೋರುತ್ತದೆ. ಮರುದಿನ ಭಾವನಿಗೆ ಫೋನು ಮಾಡಿ ಭಾಷಣವನ್ನು ತೆಗೆಸಿ, ಆ ಒಂದು ಮಾತನ್ನು ಹಾಕಿಸಿದೆ. ಎರಡನೆಯ ಸಲ ಪರೀಕ್ಷೆಗೆ ಬಂದ ಐವರಲ್ಲಿ ಇಬ್ಬರು ಆ ಮಾತಿನ ಹತ್ತಿರ ತಡೆದು, ಹಿಂದಕ್ಕೆ ಹೋಗಿ ಕಾಗದದ ದಾರಿ ಹಿಡಿದರಂತೆ. ಮೂವರು ತಡೆಯಲಿಲ್ಲ. ಅವರು ತಮ್ಮ ಬ್ಯಾಂಕಿನಲ್ಲಿ ಏನು ಮಾಡುತ್ತಾರೋ ಅದನ್ನು ಯಾವ ಪರದೆಯೂ ಹೇಳಲಾರದು.

ನವೆಂಬರು ಮತ್ತೆ ಬರುತ್ತಿದೆ. ಅಜ್ಜಿ ಈಗಿನಿಂದಲೇ ರಾತ್ರಿ ಹೆಬ್ಬೆಟ್ಟಿಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾಳೆ. 2021ರಿಂದ ಫೋನಿಗೆ ಮುಖ ತೋರಿಸಿದರೂ ಸಾಕು, ಬ್ಯಾಂಕಿಗೆ ಹೋಗಬೇಕಾದ್ದೇ ಇಲ್ಲ ಎಂದು ಹೇಳಿ ನೋಡಿದೆ. “ಅದಿರಲಿ ಕಣೋ, ಆ ಹುಡುಗನ್ನೂ ನೋಡಿದ ಹಾಗಾಗುತ್ತೆ” ಎಂದಳು. ಕರೆದುಕೊಂಡು ಹೋಗುವವನು ಈ ಸಲವೂ ನಾನೇ.