ಪೇಪರ್ ಟೌನಿನ ಪೇಪರ್

ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸಿನ ಕಾಗದ ಅಚ್ಚಬಿಳಿಯದಾಗಿರಲಿಲ್ಲ. ಸ್ವಲ್ಪ ಕೆನೆಬಣ್ಣ, ಅಲ್ಲಲ್ಲಿ ಒಂದೊಂದು ಕಂದು ಚುಕ್ಕಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಎಳೆಗಳು ಕಾಣುತ್ತಿದ್ದವು. ಉದ್ದಕ್ಕೆ ಹರಿದರೆ ನೆಟ್ಟಗೆ ಹರಿಯುತ್ತಿತ್ತು, ಅಡ್ಡಕ್ಕೆ ಹರಿದರೆ ಹಲ್ಲುಹಲ್ಲಾಗಿ ಎತ್ತೆತ್ತಲೋ ಹೋಗುತ್ತಿತ್ತು. ಇಂಕ್ ಪೆನ್ನು ಒತ್ತಿ ಬರೆದರೆ ಹಿಂಬದಿಗೆ ಶಾಯಿ ಇಳಿಯುತ್ತಿತ್ತು. ಮೇಷ್ಟರು ಬೈದರೆ ತಪ್ಪು ಕಾಗದದ್ದು ಎನ್ನುತ್ತಿದ್ದೆವು. ಆ ಕಾಗದ ಮಾಡುತ್ತಿದ್ದವರು ಬೇರೆ ಯಾರೂ ಅಲ್ಲ, ನಮ್ಮ ಅಪ್ಪಂದಿರೇ.

ಭದ್ರಾವತಿಯಲ್ಲಿ ಆಗ ಎರಡೇ ಜಾತಿಯ ಮನೆಗಳು: ಕಬ್ಬಿಣದ ಕಾರ್ಖಾನೆಯವರದು, ಕಾಗದದ ಕಾರ್ಖಾನೆಯವರದು. ನಾವು ಎರಡನೆಯವರು, ಪೇಪರ್ ಟೌನಿನವರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ ಹುಟ್ಟಿತು. ಸುತ್ತ ಕಾಡಿನಲ್ಲಿ ಬಿದಿರು, ಪಕ್ಕದಲ್ಲಿ ಭದ್ರಾ ನದಿ. ಕಾಗದಕ್ಕೆ ಇನ್ನೇನು ಬೇಕು? ಬಿದಿರು ಹೇರಿದ ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದವು. ತಿರುಳು ಬೇಯುವ ದಿನ ಗಾಳಿ ಈ ಕಡೆ ತಿರುಗಿದರೆ ಊರಿಗೆಲ್ಲ ಗಂಧಕದ ನಾತ. ಹೊರಗಿನಿಂದ ಬಂದ ನೆಂಟರು ಮೂಗು ಮುಚ್ಚಿಕೊಂಡರೆ ಅಜ್ಜಿ, "ಅದು ನಾತವಲ್ಲ ಕಣೋ, ಸಂಬಳದ ವಾಸನೆ" ಎನ್ನುತ್ತಿದ್ದಳು.

1981ರಲ್ಲಿ ಕಾರ್ಖಾನೆ ಪತ್ರಿಕಾ ಕಾಗದಕ್ಕೆ, ಅಂದರೆ ನ್ಯೂಸ್‌ಪ್ರಿಂಟ್‌ಗೆ ಕೈ ಹಾಕಿತು. ವರ್ಷಕ್ಕೆ 75,000 ಟನ್ ಸಾಮರ್ಥ್ಯದ ಘಟಕ. ನೀಲಗಿರಿ ಮರದ ತಿರುಳಿಗೆ ಬಿದಿರಿನ ತಿರುಳು ಬೆರೆಸಿ ರೀಲು ಸುತ್ತುತ್ತಿದ್ದರು. ಅದು ಕೋಟಾದ ಕಾಲ. ಯಾವ ಪತ್ರಿಕೆಗೆ ಎಷ್ಟು ಕಾಗದ ಎಂದು ದೆಹಲಿ ಹೇಳುತ್ತಿತ್ತು. ವಿದೇಶಿ ಕಾಗದ ಸರ್ಕಾರಿ ಸಂಸ್ಥೆಯ ಮೂಲಕವೇ ಬರಬೇಕಿತ್ತು. ಪುಟಗಳಿಗೆ ಮಿತಿ ಹಾಕಿದ್ದ ನೀತಿಯನ್ನು ಪತ್ರಿಕೆಗಳು ಸುಪ್ರೀಂ ಕೋರ್ಟಿಗೆ ಒಯ್ದು 1972ರಲ್ಲಿ ಗೆದ್ದವು. ಆದರೂ ಕಾಗದದ ಲಗಾಮು ಬಹುಕಾಲ ಸರ್ಕಾರದ ಕೈಯಲ್ಲೇ ಇತ್ತು. ಹೀಗಾಗಿ ಮಧ್ಯಪ್ರದೇಶದ ನೇಪಾನಗರ, ಕೇರಳದ ವೆಳ್ಳೂರು, ತಮಿಳುನಾಡಿನ ಪುಗಳೂರಿನ ಗಿರಣಿಗಳಂತೆ ನಮ್ಮದಕ್ಕೂ ಗಿರಾಕಿಗಳ ಚಿಂತೆ ಇರಲಿಲ್ಲ. ಕನ್ನಡದ ಸುದ್ದಿ ಭದ್ರಾವತಿಯ ಕಾಗದದ ಮೇಲೆ ಅಚ್ಚಾಗುತ್ತದೆ ಎಂಬುದು ನಮಗೆಲ್ಲ ದೊಡ್ಡ ಹೆಮ್ಮೆ.

1990ರ ದಶಕದ ನಡುವೆ ಆಮದಿನ ಬಾಗಿಲು ತೆರೆಯಿತು. ಕೆನಡಾ, ಅಮೆರಿಕ, ರಷ್ಯಾದ ರೀಲುಗಳು ಬಂದರಿಗೆ ಬಂದಿಳಿದವು. ಆಗ ನಾನು ಒಂದು ಸಣ್ಣ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆ. ಯಂತ್ರ ನಡೆಸುವವರು ಮೊದಲ ವಿದೇಶಿ ರೀಲನ್ನು ಅಂಗೈಯಿಂದ ಸವರಿ ನೋಡಿದ್ದು ಚೆನ್ನಾಗಿ ನೆನಪಿದೆ. ನುಣುಪು, ಒಂದೇ ದಪ್ಪ, ಅಂಚಿನಲ್ಲಿ ಒಂದು ಸೀಳೂ ಇಲ್ಲ. ನಮ್ಮ ರೀಲು ಓಡುವಾಗ ನಡುವೆ ಹರಿಯುತ್ತಿತ್ತು. ಹರಿದಾಗಲೆಲ್ಲ ಯಂತ್ರ ನಿಲ್ಲಿಸಿ, ಕಾಗದವನ್ನು ಮತ್ತೆ ರೋಲರುಗಳಿಗೆ ಪೋಣಿಸಿ ಹೊರಡಿಸಬೇಕು. ನಸುಕಿನ ಬಸ್ಸಿಗೆ ಪತ್ರಿಕೆ ಕಟ್ಟು ಹಾಕಬೇಕಾದವನಿಗೆ ಆ ಹದಿನೈದು ನಿಮಿಷ ಚಿನ್ನ. ಹೊರಗಿನ ಕಾಗದಕ್ಕೆ ಹಾಕುವ ತಂಪು ಕಾಡಿನ ಸ್ಪ್ರೂಸ್, ಪೈನ್ ಮರಗಳ ನಾರು ಉದ್ದ. ಹಾಗಾಗಿ ಕಾಗದ ತೆಳುವಾದರೂ ಗಟ್ಟಿ. ಚದರ ಮೀಟರಿಗೆ 49 ಗ್ರಾಂ ತೂಗುವ ಕಾಗದದ ಬದಲು 45 ಗ್ರಾಮಿನದು ಹಾಕಿದರೆ ಅದೇ ಒಂದು ಟನ್ನಿನಲ್ಲಿ ನೂರಕ್ಕೆ ಎಂಟೊಂಬತ್ತು ಪ್ರತಿ ಹೆಚ್ಚು ಸಿಗುತ್ತದೆ. ಮಾಲೀಕರು ಲೆಕ್ಕ ಹಾಕಿದರು. ಹಾಕದಿದ್ದರೆ ಆಶ್ಚರ್ಯ. ಪತ್ರಿಕೆಯ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದೇ ತಾನೇ?

ಅಷ್ಟು ದೂರದಿಂದ ಹಡಗೇರಿ ಬಂದ ಕಾಗದ ಅಷ್ಟು ಅಗ್ಗವಾಗಿದ್ದು ಹೇಗೆ? ಒಂದು ಕಾರಣ ನ್ಯಾಯವಾದದ್ದು: ದೊಡ್ಡ ಯಂತ್ರ, ಹೆಚ್ಚು ವೇಗ, ಒಳ್ಳೆಯ ಮರ. ಇನ್ನೊಂದು ಕಾರಣ ಮುಂದೆ ದೊಡ್ಡದಾಯಿತು. ಅಮೆರಿಕ, ಯುರೋಪಿನಲ್ಲಿ ಜನ ಪತ್ರಿಕೆ ಓದುವುದನ್ನು ಬಿಡುತ್ತಾ ಬಂದರು, ಇಲ್ಲಿ ಓದುಗರು ಇನ್ನೂ ಹೆಚ್ಚುತ್ತಿದ್ದರು. ಕಾಗದದ ಯಂತ್ರವನ್ನು ನಿಲ್ಲಿಸುವುದೂ ನಷ್ಟವೇ. ಸಂತೆ ಮುಗಿಯುವ ಹೊತ್ತಿಗೆ ಉಳಿದ ಸೊಪ್ಪನ್ನು ಮನೆಗೆ ಹೊತ್ತೊಯ್ಯುವ ಬದಲು ಬಂದ ಬೆಲೆಗೆ ಕೊಟ್ಟುಬಿಡುತ್ತಾರಲ್ಲ, ಹಾಗೆ ಮಿಕ್ಕ ಕಾಗದ ನಮ್ಮ ಕಡೆ ಹರಿಯಿತು. ತನ್ನ ನಾಡಿನಲ್ಲಿ ಮಾರುವ ಬೆಲೆಗಿಂತ ಕಡಿಮೆಗೆ ಹೊರಗೆ ಮಾರಿದರೆ ವ್ಯಾಪಾರದ ಕಾನೂನಿನಲ್ಲಿ ಅದಕ್ಕೆ ಡಂಪಿಂಗ್ ಎನ್ನುತ್ತಾರೆ; ಅದರಿಂದ ದೇಶಿ ಉದ್ಯಮಕ್ಕೆ ಪೆಟ್ಟು ಬಿದ್ದಿದೆ ಎಂದು ತೋರಿಸಿದರೆ ಸುಂಕ ಹಾಕಬಹುದು. ಆದರೆ ತೋರಿಸುವುದು ಸುಲಭವಲ್ಲ. ದೂರು, ಲೆಕ್ಕಪತ್ರ, ವಿಚಾರಣೆ, ಮೇಲ್ಮನವಿ ಎಂದು ವರ್ಷಗಳು ಉರುಳುತ್ತವೆ. ಅಷ್ಟರಲ್ಲಿ ಹಡಗು ಹತ್ತು ಸಲ ಬಂದು ಹೋಗಿರುತ್ತದೆ.

ಎಲ್ಲ ಪಾಪವನ್ನೂ ಪರದೇಶದ ತಲೆಗೆ ಕಟ್ಟಿದರೆ ಸುಳ್ಳಾಗುತ್ತದೆ. ನಮ್ಮ ಯಂತ್ರಗಳು ಹಳೆಯವು. ವಿದ್ಯುತ್ತು, ಕಲ್ಲಿದ್ದಲಿನ ಬಿಲ್ಲು ಏರುತ್ತಲೇ ಹೋಯಿತು. ಸರ್ಕಾರಿ ಕಂಪನಿ ಎಂದಮೇಲೆ ಮೇಲಧಿಕಾರಿಗಳು ಬದಲಾಗುತ್ತಲೇ ಇದ್ದರು. ಕಾರ್ಖಾನೆಗೆಂದು ಮಲೆನಾಡಿನಲ್ಲಿ ಬೆಳೆಸಿದ ಅಕೇಷಿಯಾ, ನೀಲಗಿರಿ ನೆಡುತೋಪುಗಳ ಮೇಲೆ ಹಳ್ಳಿಗಳ ಸಿಟ್ಟು ಇವತ್ತಿಗೂ ಆರಿಲ್ಲ. ಆ ಸಿಟ್ಟಿಗೆ ಕಾರಣವೂ ಇದೆ. ದನ ಮೇಯುತ್ತಿದ್ದ, ಸೊಪ್ಪು ತರುತ್ತಿದ್ದ ಕಾಡಿನ ಜಾಗದಲ್ಲಿ ಒಂದೇ ಜಾತಿಯ ಮರ ನಿಂತರೆ ಯಾರು ಸುಮ್ಮನಿರುತ್ತಾರೆ?

ಆದರೆ ಹಳೆಯ ಯಂತ್ರ ಹೊಸದಾಗುವುದು ಲಾಭದಿಂದ. ಟನ್ನಿಗೆ ನಾಲ್ಕು ಕಾಸು ಉಳಿದರೆ ಒಂದು ವರ್ಷ ಬಾಯ್ಲರು, ಇನ್ನೊಂದು ವರ್ಷ ಡ್ರೈಯರು. ಅಗ್ಗದ ಆಮದು ಕಿತ್ತುಕೊಂಡದ್ದು ಆ ನಾಲ್ಕು ಕಾಸನ್ನು. ರಿಪೇರಿ ಮುಂದಕ್ಕೆ ಹೋಯಿತು, ಕಾಗದದ ಗುಣ ಇಳಿಯಿತು, ಗುಣ ಇಳಿದದ್ದಕ್ಕೆ ಗಿರಾಕಿ ಹೋದ, ಗಿರಾಕಿ ಹೋದದ್ದಕ್ಕೆ ರಿಪೇರಿ ನಿಂತೇ ಹೋಯಿತು. ನಮ್ಮ ಗಿರಣಿಯನ್ನು ಹೊರಗಿನ ಕಾಗದ ಕೊಂದಿತೇ ಎಂದು ಕೇಳಿದರೆ ನನ್ನ ಉತ್ತರ ಇಷ್ಟೇ: ಕಾಯಿಲೆ ಒಳಗೇ ಇತ್ತು, ಔಷಧಿಯ ದುಡ್ಡನ್ನು ಹೊರಗಿನವರು ಒಯ್ದರು.

2015-16ರ ಹೊತ್ತಿಗೆ ಯಂತ್ರಗಳು ನಿಂತವು. ಆಮೇಲೆ ವಿಆರ್‌ಎಸ್, ಅಂದರೆ ಸ್ವಯಂನಿವೃತ್ತಿ ಯೋಜನೆ ಬಂತು. ಕೆಲವರು ದುಡ್ಡು ತೆಗೆದುಕೊಂಡು ಮನೆ ಕಟ್ಟಿದರು, ಕೆಲವರು ಸಾಲ ತೀರಿಸಿದರು. ಗುತ್ತಿಗೆಯವರಿಗೆ ಅದೂ ಇಲ್ಲ. ಕ್ವಾರ್ಟರ್ಸಿನ ಸಾಲುಮನೆಗಳ ಮುಂದೆ ಗಿಡ ಬೆಳೆಯಿತು. ಪಾಳಿ ಬದಲಾಗುವ ಹೊತ್ತಿಗೆ ಸೈಕಲ್ಲುಗಳಿಂದ ತುಂಬುತ್ತಿದ್ದ ರಸ್ತೆಯ ಹೋಟೆಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಇವೆಲ್ಲ ಕಣ್ಣಿಗೆ ಕಾಣುವ ನಷ್ಟ.

ಕಾಣದ್ದು ಇನ್ನೊಂದಿದೆ. ತಿರುಳು ಬೆಂದಿದೆಯೇ ಎಂದು ನೋಡಲು ಪ್ರಯೋಗಶಾಲೆಯ ಚೀಟಿ ಬರುವ ಮೊದಲೇ ಒಂದು ಹಿಡಿ ತೆಗೆದು ಹಿಂಡಿ, ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ, "ಇನ್ನೂ ಸ್ವಲ್ಪ ಹೊತ್ತು" ಎನ್ನುತ್ತಿದ್ದವರಿದ್ದರು. ಮಳೆಗಾಲದ ಬಿದಿರಿಗೆ ಒಂದು ಹದ, ಬೇಸಿಗೆಯದಕ್ಕೆ ಇನ್ನೊಂದು. ಡ್ರೈಯರಿನ ಸದ್ದು ಕೇಳಿಯೇ ಯಾವ ಸಿಲಿಂಡರಿನಲ್ಲಿ ನೀರು ನಿಂತಿದೆ ಎಂದು ಹೇಳುತ್ತಿದ್ದರು. ಅಪ್ಪನಿಗೂ ಬರುತ್ತಿತ್ತು. ಅದನ್ನು ಯಾರೂ ಬರೆದಿಡಲಿಲ್ಲ. ಅಷ್ಟೊಂದು ಕಾಗದ ಮಾಡಿದ ಊರಿನಲ್ಲಿ!

ಸುಂಕವೂ ಬಂತು, ಹೊತ್ತು ಮೀರಿದ ಮೇಲೆ. 2019ರ ಬಜೆಟ್ಟಿನಲ್ಲಿ ಆಮದು ಪತ್ರಿಕಾ ಕಾಗದಕ್ಕೆ ಶೇ 10 ಹಾಕಿದರು, ಪತ್ರಿಕೆಗಳು ಗೋಳಾಡಿದ ಮೇಲೆ ಮರುವರ್ಷ ಶೇ 5ಕ್ಕೆ ಇಳಿಸಿದರು. ಭದ್ರಾವತಿಯಲ್ಲಿ ಅದರ ಲಾಭ ಪಡೆಯಲು ಓಡುವ ಯಂತ್ರವೇ ಇರಲಿಲ್ಲ. 2022ರಲ್ಲಿ ರಷ್ಯಾ-ಉಕ್ರೇನ್ ಯುದ್ಧ, ಕಂಟೇನರಿನ ಅಭಾವ, ಹೊರದೇಶದ ಗಿರಣಿಗಳೂ ಮುಚ್ಚಿದ್ದು ಎಲ್ಲ ಸೇರಿ ಕಾಗದದ ದರ ಟನ್ನಿಗೆ 1,000 ಡಾಲರಿನ ಆಸುಪಾಸಿಗೆ ಜಿಗಿಯಿತು. ಪತ್ರಿಕೆಗಳು ಪುಟ ಕಡಿಮೆ ಮಾಡಿದವು, ಬೆಲೆ ಏರಿಸಿದವು. ಅಗ್ಗದ ಕಾಗದ ಅಗ್ಗವಾಗಿದ್ದದ್ದು ಕೊಡುವವರಿಗೆ ಬೇಕಾಗಿದ್ದಷ್ಟು ದಿನ ಮಾತ್ರ ಎಂದು ಗೊತ್ತಾಗುವ ಹೊತ್ತಿಗೆ, ಅಕ್ಕಪಕ್ಕದಲ್ಲಿ ಕೈ ಚಾಚಲು ಗಿರಣಿಗಳು ಬಹಳ ಉಳಿದಿರಲಿಲ್ಲ.

ಕೇರಳದಲ್ಲಿ ವೆಳ್ಳೂರಿನ ಮುಚ್ಚಿದ ಗಿರಣಿಯನ್ನು ರಾಜ್ಯ ಸರ್ಕಾರವೇ ಕೊಂಡು 2022ರಲ್ಲಿ ಮತ್ತೆ ಕಾಗದ ತೆಗೆಯಿತು. ನಮ್ಮಲ್ಲಿ ಚುನಾವಣೆ ಹತ್ತಿರ ಬಂದಾಗಲೆಲ್ಲ ಎಂಪಿಎಂ ಮಾತು ಏಳುತ್ತದೆ, ಆಮೇಲೆ ಮಲಗುತ್ತದೆ. ಯಂತ್ರ ಯಾವಾಗ ಬೇಕಾದರೂ ಕೊಳ್ಳಬಹುದು, ಸುಂಕ ಯಾವಾಗ ಬೇಕಾದರೂ ಏರಿಸಬಹುದು. ತಿರುಳಿನ ಹದ ಬೆರಳಿಗೆ ಗೊತ್ತಿರುವವರು ಅರವತ್ತು ಎಪ್ಪತ್ತು ದಾಟಿದ್ದಾರೆ. ಪೇಪರ್ ಟೌನಿನಲ್ಲಿ ಮತ್ತೆ ಕಾಗದ ಮಾಡುವ ಮನಸ್ಸು ಯಾರಿಗಾದರೂ ಇದ್ದರೆ, ಈ ಹಿರಿಯರು ಇರುವಾಗಲೇ ಶುರುಮಾಡಬೇಕು.