ಕೇಸರಿ ಹೊಲದಡಿಯ ಸರೋವರ

ಶ್ರೀನಗರದಲ್ಲಿ ವಿಮಾನ ಇಳಿಯೋದೇ ಒಂದು ಹಳೇ ಸರೋವರದ ತಳದ ಮೇಲೆ. ಬಡ್ಗಾಮ್ ಕಡೆಯ ಆ ಎತ್ತರದ ಬಯಲಿಗೆ ಕರೇವಾ ಅಂತ ಹೆಸರು. ನನ್ನ ಕಿವಿಗೆ ಅದು ನಮ್ಮ ‘ಕೆರೆ’ಯ ಹಾಗೇ ಕೇಳಿಸಿತು, ಬರೀ ಧ್ವನಿಯ ನಂಟು ಬಿಡಿ.

ಸುಮಾರು 40 ಲಕ್ಷ ವರ್ಷಗಳ ಹಿಂದೆ ಪೀರ್ ಪಂಜಾಲ್ ಬೆಟ್ಟಸಾಲು ಭೂಸ್ತರಭಂಗಗಳ ಗುಂಟ ಮೇಲೇಳುತ್ತಾ ನೀರು ಹೊರಹೋಗುವ ದಾರಿಗೆ ಅಡ್ಡ ನಿಂತಿತು. ಕಣಿವೆ ತುಂಬಿ ಸರೋವರವಾಯಿತು. ಅಲ್ಲಿ ಕೂತ ಹೂಳಿನ ದಪ್ಪ ಸುಮಾರು 1,300 ಮೀಟರ್!

ರಸ್ತೆಗಾಗಿ ಕಡಿದ ದಿಬ್ಬವೊಂದರ ಎದುರು ನಿಂತರೆ ಇದೆಲ್ಲ ನಮ್ಮ ಕೋಡ್‌ನ ಲಾಗ್ ಫೈಲ್ ಥರ ಕಾಣುತ್ತೆ, ಹಳೇದು ಕೆಳಗೆ, ಹೊಸದು ಮೇಲೆ. ನುಣುಪು ಜೇಡಿ ಅಂದ್ರೆ ನಿಂತ ನೀರು. ನಡುವೆ ದಪ್ಪ ಉರುಟುಕಲ್ಲು ಬಂತೋ, ಬೆಟ್ಟ ಮತ್ತೆ ಎದ್ದಿದೆ, ಹೊಳೆಗಳು ರಭಸದಿಂದ ಕಲ್ಲು ತಂದು ಸುರಿದಿವೆ. ತೆಳು ಕಲ್ಲಿದ್ದಲು ಸಿಕ್ಕ ಕಡೆ ಜೌಗು ಇತ್ತು. ಹೂಳಿನ ಪರಾಗ ನೋಡಿದರೆ, ಇವತ್ತು ಕಣಿವೆಯಲ್ಲಿಲ್ಲದ ಓಕ್ ಮರಗಳೂ ಆಗ ಇದ್ದವು. ಪಾಂಪೋರ್ ಹತ್ತಿರ 2000ರಲ್ಲಿ ಆನೆಯ ತಲೆಬುರುಡೆಯ ಪಳೆಯುಳಿಕೆ ಸಿಕ್ಕಿತು. ಕಾಶ್ಮೀರದಲ್ಲಿ ಆನೆ, ಊಹಿಸಿಕೊಳ್ಳಿ!

ಬೆಟ್ಟ ಸುಮ್ಮನಿರಲಿಲ್ಲ. ಪೀರ್ ಪಂಜಾಲ್ ಬದಿ ಎದ್ದಂತೆ ಹಳೇ ಪದರಗಳು ವಾಲಿದವು, ಸರೋವರ ಈಶಾನ್ಯಕ್ಕೆ ಸರಿಯಿತು. ಅದಕ್ಕೇ ಅಗಲವಾದ ಕರೇವಾಗಳೆಲ್ಲ ನೈಋತ್ಯದಲ್ಲಿವೆ. ಕೊನೆಗೆ ಬಾರಾಮುಲ್ಲಾ ಕಡೆ ದಾರಿ ಬಿಟ್ಟುಕೊಂಡು ನೀರು ಝೇಲಮ್ ಆಗಿ ಹರಿದುಹೋಯಿತು. ಕಣಿವೆ ಮೊದಲು ‘ಸತೀಸರ’ ಎಂಬ ಸರೋವರವಾಗಿತ್ತೆಂದು ಕಲ್ಹಣನ ರಾಜತರಂಗಿಣಿಯೂ ಹೇಳುತ್ತದೆ. 9ನೇ ಶತಮಾನದಲ್ಲಿ ಅವಂತಿವರ್ಮನ ಕಾಲದ ಸುಯ್ಯ ನದಿಯ ಹೂಳು ತೆಗೆಸಿ ಪ್ರವಾಹ ತಗ್ಗಿಸಿದ ಕಥೆಯೂ ಅದರಲ್ಲಿದೆ. ನಾವು ಇಂಜಿನಿಯರುಗಳು ಹೆಮ್ಮೆಪಡಬೇಕಾದ ಮನುಷ್ಯ.

ಸರೋವರ ಹೋದ ಮೇಲೆ ಗಾಳಿ ತಂದ ನವಿರು ಮಣ್ಣು ಮೇಲೆ ಹೊದ್ದುಕೊಂಡಿತು. ನೀರು ನಿಲ್ಲದ ಆ ಮಣ್ಣಲ್ಲೇ ಪಾಂಪೋರ್‌ನ ಕೇಸರಿ ಬೆಳೆಯೋದು. ಅಕ್ಟೋಬರ್ ಕೊನೆಯಲ್ಲಿ ಹೋದರೆ ಹೊಲವೆಲ್ಲ ನೇರಳೆ.

ನನಗೆ ಸಂಕಟವಾಗಿದ್ದು ಅಲ್ಲೇ. ಕಾಜಿಗುಂಡ್–ಬಾರಾಮುಲ್ಲಾ ರೈಲು ಹಳಿಯ ಏರಿಗೆ ಈ ಕರೇವಾಗಳ ಮಣ್ಣನ್ನೇ ಅಗೆದು ಸುರಿದಿದ್ದಾರೆ. ರೈಲು ಬೇಕು, ಇಲ್ಲ ಅನ್ನಲ್ಲ. ನಾನೂ ಅದರಲ್ಲೇ ಕೂತು ಕಿಟಕಿ ಆಚೆ ನೋಡಿದೆ. ಆದರೆ ದಿಬ್ಬವನ್ನು ಒಮ್ಮೆ ಅಗೆದು ಸುರಿದರೆ ಜೇಡಿ, ಉರುಟುಕಲ್ಲು, ಪರಾಗ ಎಲ್ಲಾ ಒಂದೇ ಗುಡ್ಡೆ. ಈ ಲಾಗ್‌ಗೆ ಬ್ಯಾಕಪ್ ಇಲ್ಲ.